ಊರಿನ ಆರೋಗ್ಯದ ಖಾತೆ



ಸಂಘದ ಶೇರು ಬಂಡವಾಳ, ಬೆಳೆಸಾಲ, ಗೊಬ್ಬರದ ವ್ಯವಹಾರ, ಆಡಿಟ್ ಇವೆಲ್ಲವುಗಳ ಬಗ್ಗೆ ಈ ಸ್ಮರಣ ಸಂಚಿಕೆಯಲ್ಲಿ ಬೇರೆಯವರು ಬರೆದಿದ್ದಾರೆ. ಸಂಪಾದಕ ಮಂಡಳಿಯವರು ನಮ್ಮ ಪಾಲಿಗೆ ಹಚ್ಚಿದ ವಿಷಯ ನಮ್ಮ ಭಾಗಕ್ಕೆ ಆರೋಗ್ಯ ಸೇವೆ ಬಂದ ಬಗೆ. ಸೊಸಾಯಿಟಿಗೂ ದವಾಖಾನಿಗೂ ಏನು ಸಂಬಂಧ ಅಂತ ಕೆಲವರು ಕೇಳಬಹುದು. ಆಡಳಿತ ಮಂಡಳಿಯ ಸಭೆಯಲ್ಲಿ ಕಟಬಾಕಿ ಯಾದಿ ಓದುವಾಗ ಕುಳಿತು ಕೇಳಿದವರಿಗೆ ಆ ಸಂಬಂಧ ಗೊತ್ತು. ಮಳೆ ಕೈಕೊಟ್ಟು ಸಾಲ ತೀರಿಸದವರು ಇರುತ್ತಾರೆ. ಮನೆಯಾಗ ಬ್ಯಾನಿ ಹೊಕ್ಕು ತೀರಿಸದವರೂ ಇರುತ್ತಾರೆ. ಮಳೆ ಮುಂದಿನ ವರ್ಷ ಬಂದೀತು, ಆದರೆ ಆಪರೇಶನ್ನಿಗಾಗಿ ಮಾರಿದ ಎಕರೆ ಮತ್ತೆ ಬಂದದ್ದು ಕಡಿಮೆ.

ನಾವು ಡಾಕ್ಟರರಲ್ಲ. ಎಸ್.ಎಸ್.ಎಲ್.ಸಿ. ಓದಿ ಒಕ್ಕಲುತನಕ್ಕೆ ಇಳಿದವರು. ಹಿರಿಯರಿಂದ ಕೇಳಿದ್ದು, ಓದಿ ತಿಳಿದದ್ದು, ಈ ಸಂಘದಲ್ಲಿ ಕುಳಿತು ಕಂಡದ್ದು, ಇವನ್ನು ಸೇರಿಸಿ ಬರೆದಿದ್ದೇವೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ನಮ್ಮ ಭಾಗದಲ್ಲಿ ದೊಡ್ಡ ದೊಡ್ಡ ರೋಗಗಳು ಹೋದದ್ದು ದೊಡ್ಡ ದವಾಖಾನಿ ಕಟ್ಟಿದ್ದರಿಂದ ಅಲ್ಲ. ಮನಿ ಮನಿಗೆ ಹೋಗಿ ಲೆಕ್ಕ ಬರೆದುಕೊಂಡವರಿಂದ ಹೋದವು. ಲೆಕ್ಕ ಬರೆಯುವುದು ಅಂದರೆ ಏನು ಅಂತ ಸೊಸಾಯಿಟಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಿಂದಿನ ಕಾಲದಿಂದ ಸುರು ಮಾಡೋಣ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಮುಂದಿನ ಒಂದೆರಡು ವರ್ಷದಲ್ಲಿ ಧಾರವಾಡ, ಹುಬ್ಬಳ್ಳಿ, ಬೆಳಗಾವಿ ಕಡೆಗೆಲ್ಲಾ ಹಬ್ಬಿತು. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತದಲ್ಲಿ ಇತ್ತು. 1956ರ ನವೆಂಬರ್ 1ರ ತನಕವೂ ಮುಂಬಯಿ ಸರಕಾರದ ಕೆಳಗೇ ಇತ್ತು. ಮನೆಯಾಗ ಇಲಿ ಸತ್ತು ಬಿದ್ದರೆ ಊರು ಬಿಟ್ಟು ಹೊಲದಾಗ ಗುಡಸಲ ಹಾಕಿಕೊಂಡು ಇರುವುದು, ಇದೇ ಆಗಿನ ಉಪಾಯ. ಇದು ಅಜ್ಞಾನದ ಉಪಾಯವೇನೂ ಅಲ್ಲ. ಪ್ಲೇಗು ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ, ಮನೆ ಬಿಟ್ಟರೆ ಚಿಗಟವನ್ನೂ ಬಿಟ್ಟಂತೆ. ಹಾಫ್‌ಕಿನ್ ಎಂಬ ವಿಜ್ಞಾನಿ 1897ರಲ್ಲಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆ ತಯಾರಿಸಿದರು. ಮರುವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಮಂದಿಗೆ ಅದನ್ನು ಚುಚ್ಚಿದರು. ಆದರೆ ಆಗಿನ ಸರಕಾರದ ಪದ್ಧತಿ ಒತ್ತಾಯದ್ದು. ಮನೆ ಹೊಕ್ಕು ಶೋಧಿಸುವುದು, ಸಾಮಾನು ಹೊರಗೆ ಒಗೆಯುವುದು, ರೋಗಿಯನ್ನು ಎಳಕೊಂಡು ಹೋಗುವುದು. ಹೀಗಾಗಿ ಸೂಜಿ ಹಿಡಿದು ಬಂದವರನ್ನು ಕಂಡರೆ ಮಂದಿ ಹೆದರಿ ಓಡುವ ರೂಢಿ ಬಿತ್ತು. ಆ ಹೆದರಿಕೆ ಹೋಗಲು ಬಹಳ ವರ್ಷ ಹಿಡಿದವು.

ಇನ್ನು ಮೈಲಿಬ್ಯಾನಿ, ಅಂದರೆ ಸಿಡುಬು. ಬೆಳಗಾವಿಗೆ ಹೋದವರೆಲ್ಲ ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಮೈದಾನ ನೋಡಿರುತ್ತಾರೆ. ಪ್ರದರ್ಶನ, ಸಭೆ, ಸಮಾರಂಭ ಅಲ್ಲಿ ನಡೆಯುತ್ತವೆ. ಆದರೆ ಆ ಹೆಸರು ಯಾಕೆ ಬಂತು ಅಂತ ನಮ್ಮ ಹುಡುಗರಿಗೆ ಕೇಳಿದರೆ ಹೇಳುವವರು ಕಡಿಮೆ. ಅಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. ಕರುಗಳ ಹೊಟ್ಟೆಯ ಚರ್ಮದ ಮೇಲೆ ಲಸಿಕೆಯ ಗುಳ್ಳೆ ಎಬ್ಬಿಸಿ, ಅದನ್ನು ಹೆರೆದು ತೆಗೆದು ಲಸಿಕೆ ಮಾಡುವುದು ಸಿಡುಬಿನ ಲಸಿಕೆಯ ಹಳೆಯ ಪದ್ಧತಿ. ಹಸಿ ಲಸಿಕೆ ಬಿಸಿಲಿಗೆ ಬೇಗ ಕೆಡುತ್ತಿತ್ತು. ನಮ್ಮಂಥ ಹಳ್ಳಿಗೆ ಅದು ಬಂದು ಮುಟ್ಟುವುದರೊಳಗೆ ಶಕ್ತಿ ಹೋಗಿರುತ್ತಿತ್ತು. ಮುಂದೆ ಒಣಪುಡಿಯ ಲಸಿಕೆ ಬಂತು. ದೇಶದಲ್ಲಿ ಆ ಒಣ ಲಸಿಕೆ ಮಾಡುತ್ತಿದ್ದ ಜಾಗ ನಾಲ್ಕೇ ನಾಲ್ಕು: ಉತ್ತರದ ಪಟವಾಡಾಂಗರ, ಮದರಾಸಿನ ಗಿಂಡಿ, ಹೈದರಾಬಾದ ಮತ್ತು ನಮ್ಮ ಬೆಳಗಾವಿ. ಇದು ನಾವು ಅಭಿಮಾನದಿಂದ ಹೇಳಿಕೊಳ್ಳಬೇಕಾದ ಸಂಗತಿ.

ಮೈಲಿ ಹಾಕುವವರು ಊರಿಗೆ ಬಂದರೆ ತಾಯಂದಿರು ಕೂಸುಗಳನ್ನು ಕಣಜದ ಹಿಂದೆ ಬಚ್ಚಿಡುತ್ತಿದ್ದರೆಂದು ಹಿರಿಯರು ಹೇಳುತ್ತಾರೆ. ಆಗಿನ ಹತಾರವೂ ಹಂಗ ಇತ್ತು. ತಿರುಗುವ ಚಕ್ರದಂಥದು, ಚರ್ಮಕ್ಕೆ ಒತ್ತಿ ತಿರುವಿದರೆ ಗಾಯವಾಗುತ್ತಿತ್ತು. ಆಮೇಲೆ ಎರಡು ಮೊನೆಯ ಸಣ್ಣ ಸೂಜಿ ಬಂತು, ನೋವು ಕಡಿಮೆಯಾಯಿತು. ಈಗ ಐವತ್ತು ದಾಟಿದವರ ತೋಳಿನ ಮೇಲೆ ರೂಪಾಯಿಯಷ್ಟು ಅಗಲದ ಕಲೆಗಳನ್ನು ನೋಡಬಹುದು. ನಮ್ಮ ವಯಸ್ಸಿನವರ ತೋಳಿನ ಮೇಲೆ ಇರುವ ಒಂದೇ ಸಣ್ಣ ಕಲೆ ಮೈಲಿಯದಲ್ಲ, ಅದು ಕ್ಷಯರೋಗದ ವಿರುದ್ಧದ ಬಿಸಿಜಿಯದು. ನಮಗೆ ಮೈಲಿ ಹಾಕುವ ಪ್ರಸಂಗವೇ ಬರಲಿಲ್ಲ.

ಯಾಕೆ ಬರಲಿಲ್ಲ? ಎಲ್ಲರಿಗೂ ಲಸಿಕೆ ಹಾಕಿ ಮುಗಿಸಿದ್ದರಿಂದ ಅಂತ ಬಹಳ ಮಂದಿ ತಿಳಿದಿದ್ದಾರೆ. ಅದು ಅರ್ಧ ಮಾತು. ದಶಕಗಟ್ಟಲೆ ಲಸಿಕೆ ಹಾಕಿದರೂ ರೋಗ ನಿಂತಿರಲಿಲ್ಲ. 1973ರಿಂದ ದೇಶದಲ್ಲಿ ಬೇರೆ ಕ್ರಮ ಹಿಡಿದರು. ಆರೋಗ್ಯ ಇಲಾಖೆಯ ಸಿಬ್ಬಂದಿ ಸಿಡುಬು ಎದ್ದ ಕೂಸಿನ ಚಿತ್ರ ಕೈಯಲ್ಲಿ ಹಿಡಿದು ಮನೆಯಿಂದ ಮನೆಗೆ, ಸಂತೆಯಿಂದ ಸಂತೆಗೆ ಹೋಗಿ "ಇಂಥಾ ರೋಗಿ ಎಲ್ಲಿಯಾದರೂ ಇದ್ದಾರೇನು?" ಎಂದು ಕೇಳಿದರು. ತೋರಿಸಿದವರಿಗೆ ಬಹುಮಾನ. ಕೊನೆಗೆ ಆ ಬಹುಮಾನ 1000 ರೂಪಾಯಿಗೆ ಏರಿತ್ತು, ಆ ಕಾಲದಲ್ಲಿ ಒಂದು ಜೋಡಿ ಎತ್ತಿನ ವಿಚಾರ ಮಾಡುವಷ್ಟು ದುಡ್ಡು. ರೋಗಿ ಸಿಕ್ಕ ಮನೆಯ ಸುತ್ತಲಿನವರಿಗೆಲ್ಲ ಕೂಡಲೇ ಲಸಿಕೆ. ಎರಡು ವರ್ಷದೊಳಗೆ, 1975ರ ಮೇ ತಿಂಗಳಲ್ಲಿ, ಭಾರತದ ಕೊನೆಯ ಸಿಡುಬು ಪ್ರಕರಣ ದಾಖಲಾಯಿತು. 1977ರಲ್ಲಿ ದೇಶ ಸಿಡುಬಿನಿಂದ ಮುಕ್ತವೆಂದು ಪ್ರಮಾಣಪತ್ರ ಸಿಕ್ಕಿತು.

ಮಲೇರಿಯಾ ಅಂದರೆ ಚಳಿಜ್ವರದ ಕಥೆ ಸ್ವಲ್ಪ ಬೇರೆ. 1946ರಲ್ಲಿ ಮುಂಬಯಿ ಸರಕಾರದ ಮಲೇರಿಯಾ ಅಧಿಕಾರಿ ಡಾ. ಡಿ. ಕೆ. ವಿಶ್ವನಾಥನ್ ಅವರು ನಮ್ಮ ನೆರೆಯ ಕಾರವಾರ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಡಿಡಿಟಿ ಸಿಂಪಡಿಸಿ ತೋರಿಸಿದರು. ಅದರ ಫಲ ನೋಡಿದ ಮೇಲೆ 1953ರಲ್ಲಿ ಇಡೀ ದೇಶದ ಕಾರ್ಯಕ್ರಮ ಸುರುವಾಯಿತು. ಆಗ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಮಂದಿಗೆ ಚಳಿಜ್ವರ ಬರುತ್ತಿತ್ತು, 8 ಲಕ್ಷ ಮಂದಿ ಸಾಯುತ್ತಿದ್ದರು ಎಂಬ ಅಂದಾಜು ಇದೆ. 1965ರ ಹೊತ್ತಿಗೆ ಅದು ಒಂದು ಲಕ್ಷಕ್ಕೆ ಇಳಿಯಿತು. ಸಿಂಪಡಣೆಯವರು ಮನೆಯ ಗೋಡೆಯ ಮೇಲೆ ತಾರೀಖು ಬರೆದು ಹೋಗುತ್ತಿದ್ದರು. ಗೆದ್ದೆವೆಂದು ತಿಳಿದು ಕೈ ಸಡಿಲ ಬಿಟ್ಟರು, ಸೊಳ್ಳೆಗೂ ಡಿಡಿಟಿ ರೂಢಿಯಾಯಿತು. 1976ರಲ್ಲಿ ಮತ್ತೆ 64 ಲಕ್ಷ ಮಂದಿಗೆ ಬಂತು. ವಸೂಲಿ ಚಲೋ ಆದ ವರ್ಷದ ಮರುವರ್ಷ ಏನಾಗುತ್ತದೆ ಎಂಬುದು ನಮ್ಮ ಸೆಕ್ರೆಟರಿಯವರಿಗೆ ಚೆನ್ನಾಗಿ ಗೊತ್ತು, ಇದೂ ಹಂಗೇ.

ಇಷ್ಟೆಲ್ಲ ಸರಕಾರದ ಕೆಲಸವಾಯಿತು. ಆದರೆ ನಮ್ಮ ಘಟಪ್ರಭಾ ಹೊಳಿ ಸಾಲಿನಲ್ಲಿ ಸರಕಾರದ ದಾರಿ ಕಾಯದೆ ಎದ್ದ ಸಂಸ್ಥೆಗಳೂ ಇವೆ. ಗೋಕಾಕ ತಾಲೂಕಿನ ಘಟಪ್ರಭಾದಲ್ಲಿ ಸ್ವಾತಂತ್ರ್ಯ ಬರುವ ಎಷ್ಟೋ ಮೊದಲೇ, 1929ರಲ್ಲಿ, ಕರ್ನಾಟಕ ಹೆಲ್ತ್ ಇನ್‌ಸ್ಟಿಟ್ಯೂಟ್ ಸ್ಥಾಪನೆಯಾಯಿತು. ಅಲ್ಲಿಯೇ 1950ರ ಸುಮಾರಿಗೆ ಜಗದ್ಗುರು ಗುರುಸಿದ್ಧೇಶ್ವರ ಹೆಸರಿನ ಸಹಕಾರಿ ಆಸ್ಪತ್ರೆ ಎದ್ದು ನಿಂತಿತು. ನಮ್ಮ ಮಂದಿ ಅದಕ್ಕೆ ಜೆ.ಜಿ. ದವಾಖಾನಿ ಅನ್ನುತ್ತಾರೆ. ಆಸ್ಪತ್ರೆಯನ್ನು ಒಬ್ಬ ಸಾಹುಕಾರ ಕಟ್ಟಿಸುವುದು ಕಂಡಿದ್ದೇವೆ, ಮಠ ಕಟ್ಟಿಸುವುದು ಕಂಡಿದ್ದೇವೆ, ಸರಕಾರ ಕಟ್ಟಿಸುವುದು ಕಂಡಿದ್ದೇವೆ. ಸಹಕಾರ ಕಾಯದೆಯ ಕೆಳಗೆ ಶೇರು ಕೂಡಿಸಿ, ಆಡಳಿತ ಮಂಡಳಿ ಆರಿಸಿ, ವರ್ಷಕ್ಕೊಮ್ಮೆ ಸಾಮಾನ್ಯ ಸಭೆಯ ಮುಂದೆ ಜಮಾಖರ್ಚು ಇಡುವ ಆಸ್ಪತ್ರೆ ಅಂದರೆ ಅಪರೂಪದ ಮಾತು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಮೊದಲ ಪತ್ತಿನ ಸಂಘ ಹಚ್ಚಿದಾಗ ಅದು ಸಾವಕಾರರ ಬಡ್ಡಿಯಿಂದ ಪಾರಾಗುವ ಉಪಾಯವಾಗಿತ್ತು. ನಮ್ಮ ಜಿಲ್ಲೆಯವರು ಅದೇ ಉಪಾಯವನ್ನು ಬ್ಯಾನಿಯಿಂದ ಪಾರಾಗಲು ಉಪಯೋಗಿಸಿದರು. ನಮ್ಮ ಹುಕ್ಕೇರಿ ತಾಲೂಕಿನ ಮಂದಿ 1969ರಲ್ಲಿ ಕರೆಂಟಿಗೂ ಸಹಕಾರಿ ಸಂಘ ಮಾಡಿದರು. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದಂಥದು ರಾಜ್ಯದಲ್ಲಿ ಇನ್ನೊಂದಿಲ್ಲ. ಹಳ್ಳಿಗೆ ಕರೆಂಟು ಬಂದ ಮೇಲೇ ಹಳ್ಳಿಯ ದವಾಖಾನಿಯಲ್ಲಿ ಲಸಿಕೆ ಇಡುವ ಫ್ರಿಜ್ ಕೆಲಸಕ್ಕೆ ಬಂತು ಎಂಬುದನ್ನೂ ಇಲ್ಲಿ ಸೇರಿಸಿ ಹೇಳಬೇಕು.

ಪ್ರಾಥಮಿಕ ಆರೋಗ್ಯ ಕೇಂದ್ರಗಳ ವಿಚಾರ ಎಲ್ಲರಿಗೂ ಗೊತ್ತಿದ್ದದ್ದೇ. ಭೋರ್ ಸಮಿತಿ 1946ರಲ್ಲಿ ಸಲಹೆ ಕೊಟ್ಟಿತು, 1952ರ ಗಾಂಧಿ ಜಯಂತಿಯಂದು ಸಮುದಾಯ ಅಭಿವೃದ್ಧಿ ಯೋಜನೆಯೊಂದಿಗೆ ಕೇಂದ್ರಗಳು ಸುರುವಾದವು. ಬಯಲು ನಾಡಿನಲ್ಲಿ 30 ಸಾವಿರ ಮಂದಿಗೆ ಒಂದು ಕೇಂದ್ರ, 5 ಸಾವಿರ ಮಂದಿಗೆ ಒಂದು ಉಪಕೇಂದ್ರ ಅಂತ ಲೆಕ್ಕ. ಕಾಗದದ ಮೇಲಿನ ಲೆಕ್ಕ ಅದು. ಡಾಕ್ಟರು ಬಂದರು, ಹೋದರು, ಖುರ್ಚಿ ಖಾಲಿ ಉಳಿಯಿತು, ಇದು ನಮ್ಮಂಥ ಗಡಿಭಾಗದ ಊರುಗಳ ಹಳೆಯ ದೂರು. ಉಳಿದುಕೊಂಡು ಕೆಲಸ ಮಾಡಿದವರು ನರ್ಸಬಾಯಿಯವರು. ಅವರ ವಿಷಯ ಮುಂದೆ ಬರುತ್ತದೆ.

ಅದಕ್ಕೂ ಮೊದಲು ನಾರುಹುಣ್ಣಿನ ಮಾತು ಹೇಳಬೇಕು, ಯಾಕಂದರೆ ಈಗಿನ ಹುಡುಗರು ಆ ಹೆಸರನ್ನೇ ಕೇಳಿಲ್ಲ. ಕಾಲಿನಲ್ಲಿ ಉರಿಯುವ ಗುಳ್ಳೆ ಏಳುತ್ತಿತ್ತು, ಅದು ಒಡೆದು ಬಿಳಿ ನೂಲಿನಂಥ ಹುಳ ಹೊರಗೆ ಬರುತ್ತಿತ್ತು. ಎರಡು ಮೂರು ಅಡಿ ಉದ್ದದ ಹುಳ! ಅದನ್ನು ಎಳೆದರೆ ಹರಿದು ಒಳಗೇ ಕೊಳೆತು ಕಾಲು ಬಾತು ಹೋಗುತ್ತಿತ್ತು. ಹೀಗಾಗಿ ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಬೆರಳಿನಷ್ಟು ಹೊರಗೆ ತೆಗೆಯಬೇಕು. ತಿಂಗಳುಗಟ್ಟಲೆ ಹಾಸಿಗೆ. ಬಿತ್ತುವ ಅಥವಾ ಕಳೆ ತೆಗೆಯುವ ಹೊತ್ತಿನಲ್ಲಿ ಬಂದರೆ ಆ ವರ್ಷದ ಪೀಕೇ ಹೋಯಿತು. ಹರಿಯುವ ಹೊಳಿ ನೀರು ಕುಡಿಯುವ ಊರುಗಳಿಗಿಂತ ಇಳಿದು ತುಂಬುವ ಮೆಟ್ಟಿಲ ಬಾವಿ, ಹೊಂಡ ನಂಬಿದ ಬಯಲಿನ ಊರುಗಳಿಗೆ ಇದರ ಕಾಟ ಜಾಸ್ತಿ. ಉತ್ತರ ಕರ್ನಾಟಕದ ಜಿಲ್ಲೆಗಳು ಇದರ ತವರುಮನೆಯಂತೆ ಇದ್ದವು.

ಇದರ ಗುಟ್ಟು ಇಷ್ಟು. ಹುಳ ಇದ್ದವರು ಉರಿ ತಡೆಯದೆ ಮೆಟ್ಟಿಲ ಬಾವಿಯ ನೀರಿನಲ್ಲಿ ಕಾಲು ಇಳಿಬಿಟ್ಟರೆ ಹುಳ ಸಾವಿರಾರು ಮರಿಗಳನ್ನು ನೀರಿಗೆ ಬಿಡುತ್ತದೆ. ಆ ಮರಿಗಳನ್ನು ನೀರಿನಲ್ಲಿ ಇರುವ ಕಣ್ಣಿಗೆ ಕಂಡೂ ಕಾಣದ ಸಣ್ಣ ಜೀವಿ ನುಂಗುತ್ತದೆ. ಆ ನೀರು ಕುಡಿದವರ ಹೊಟ್ಟೆಯಲ್ಲಿ ಬೆಳೆದು, ಸುಮಾರು ಒಂದು ವರ್ಷದ ಮೇಲೆ ಹುಳ ಕಾಲಿನಿಂದ ಹೊರಬರುತ್ತದೆ. ಹೋದ ವರ್ಷ ಕುಡಿದ ನೀರಿಗೂ ಈ ವರ್ಷದ ಹುಣ್ಣಿಗೂ ಸಂಬಂಧ ಇದೆ ಎಂದು ಯಾರಿಗೆ ಹೊಳೆಯಬೇಕು? ಅದಕ್ಕೇ ಹಿರಿಯರು ಇದನ್ನು ಶಾಪ, ದೋಷ ಎಂದೆಲ್ಲ ತಿಳಿದಿದ್ದರು. ಇದಕ್ಕೆ ಲಸಿಕೆ ಇಲ್ಲ, ಔಷಧವೂ ಇಲ್ಲ. ಇದ್ದದ್ದು ಒಂದೇ, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು.

1983-84ರಲ್ಲಿ ದೇಶದ ಕಾರ್ಯಕ್ರಮ ಸುರುವಾದಾಗ ಏಳು ರಾಜ್ಯಗಳಲ್ಲಿ ಸುಮಾರು 40 ಸಾವಿರ ರೋಗಿಗಳು ಇದ್ದರು. ಕರ್ನಾಟಕ ಆ ಏಳರಲ್ಲಿ ಒಂದು. ಆರೋಗ್ಯ ಸಹಾಯಕರು ಊರೂರಿಗೆ ಹೋಗಿ ಹುಣ್ಣು ಇದ್ದವರ ಯಾದಿ ಬರೆದರು. ಬಾವಿಗೆ ಔಷಧ ಹಾಕಿದರು. ಸೋಸುವ ಬಟ್ಟೆ ಹಂಚಿದರು. ಮೆಟ್ಟಿಲ ಬಾವಿಗೆ ಕಟ್ಟೆ ಕಟ್ಟಿ, ಹಗ್ಗ ಹಾಕಿ ಸೇದುವ ಬಾವಿ ಮಾಡಿದರು, ಬೋರು ಕೊರೆದು ಕೈಪಂಪು ಹಾಕಿದರು. ದೇಶದ ಕೊನೆಯ ರೋಗಿ 1996ರ ಜುಲೈನಲ್ಲಿ ರಾಜಸ್ಥಾನದಲ್ಲಿ ಸಿಕ್ಕರು. 2000ದ ಫೆಬ್ರುವರಿಯಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಒಂದೇ ಒಂದು ಇಂಜೆಕ್ಷನ್ ಇಲ್ಲದೆ, ಬರೇ ಬಟ್ಟೆ, ಬಾವಿಕಟ್ಟೆ ಮತ್ತು ಯಾದಿಯಿಂದ ಒಂದು ರೋಗ ದೇಶ ಬಿಟ್ಟು ಹೋಯಿತು. ನಮ್ಮ ಅಭಿಪ್ರಾಯದಲ್ಲಿ ಇದು ಸಿಡುಬಿನ ಕೆಲಸಕ್ಕಿಂತ ಕಡಿಮೆಯೇನಲ್ಲ, ಆದರೆ ಇದಕ್ಕೆ ಯಾವ ಊರಿನಲ್ಲಿಯೂ ಒಂದು ಫಲಕ ಸಹ ಇಲ್ಲ.

ಈಗ ನರ್ಸಬಾಯಿಯವರ ವಿಷಯ. ಹೆರಿಗೆ ಎನ್ನುವುದು ನಮ್ಮ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಪಾಲಿಗೆ ಗಂಡಾಂತರವೇ ಆಗಿತ್ತು. ಕೂಸು ಹುಟ್ಟಿತು, ಪೇಡೆ ಹಂಚೋಣ ಅನ್ನುವಾಗ ಒಳಗಿನ ಖೋಲಿಯಿಂದ ಕೂಗು ಬರುತ್ತಿತ್ತು. ರಕ್ತ ನಿಲ್ಲುತ್ತಿಲ್ಲ. ಚಕ್ಕಡಿ ಹೂಡಿ, ಹೊಳಿ ದಾಟಿ, ಸಂಕೇಶ್ವರಕ್ಕೋ ಬೆಳಗಾವಿಗೋ ಮುಟ್ಟುವುದರೊಳಗೆ ಮುಗಿದೇ ಹೋಗುತ್ತಿತ್ತು. ಹೆರಿಗೆಯಾದ ಮೇಲಿನ ರಕ್ತಸ್ರಾವ ಎರಡು ತಾಸಿನಲ್ಲಿ ಜೀವ ತೆಗೆಯಬಲ್ಲದು. ನಿಲ್ಲಿಸಲು ಇಂಜೆಕ್ಷನ್ ಇತ್ತು, ಆದರೆ ಅದನ್ನು ತಂಪಿನಲ್ಲಿ ಇಡಬೇಕು, ಚುಚ್ಚಲು ಕಲಿತವರು ಬೇಕು. ಮನೆಯ ಹೆರಿಗೆಗೆ ಅದೆಲ್ಲಿ ಬರಬೇಕು?

ಬೆಳಗಾವಿಯ ಜವಾಹರಲಾಲ ನೆಹರು ಮೆಡಿಕಲ್ ಕಾಲೇಜಿನವರು ಅಮೇರಿಕೆಯ ಸಂಶೋಧಕರ ಜೊತೆ ಸೇರಿ ಇದಕ್ಕೊಂದು ಪರೀಕ್ಷೆ ಮಾಡಿದರು. ಮಿಸೊಪ್ರೊಸ್ಟಾಲ್ ಎಂಬ ಗುಳಿಗೆ ಇದೆ. ಅಗ್ಗದ್ದು, ಫ್ರಿಜ್ ಬೇಡ, ಬಾಯಿಯಿಂದ ನುಂಗಿದರೆ ಸಾಕು. ಕೂಸು ಹುಟ್ಟಿದ ಕೂಡಲೇ ತಾಯಿಗೆ ಕೊಟ್ಟರೆ ರಕ್ತಸ್ರಾವ ಕಡಿಮೆಯಾಗುತ್ತದೆಯೋ ಇಲ್ಲವೋ ನೋಡಬೇಕಾಗಿತ್ತು. 2002ರ ಸಪ್ಟೆಂಬರದಿಂದ 2005ರ ಡಿಸೆಂಬರದವರೆಗೆ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ 1620 ಹೆಣ್ಣುಮಕ್ಕಳ ಹೆರಿಗೆಯಲ್ಲಿ ಇದನ್ನು ನೋಡಿದರು. 812 ಮಂದಿಗೆ ಗುಳಿಗೆ, 808 ಮಂದಿಗೆ ಅದೇ ರೂಪದ ಔಷಧವಿಲ್ಲದ ಗುಳಿಗೆ. ಹೆರಿಗೆ ಮಾಡಿಸಿದವರು, ಗುಳಿಗೆ ಕೊಟ್ಟವರು, ರಕ್ತ ಅಳೆದವರು ದೊಡ್ಡ ಡಾಕ್ಟರರಲ್ಲ, ಹಳ್ಳಿಯ 25 ಮಂದಿ ನರ್ಸಬಾಯಿಯವರು.

ರಕ್ತ ಅಳೆಯುವುದು ಹೇಗೆ? ಇಲ್ಲಿಯೇ ಬೆಳಗಾವಿಯವರ ಜಾಣತನ ಇದೆ. ತಾಯಿಯ ಕೆಳಗೆ ಹಾಸುವ ಒಂದು ಪ್ಲಾಸ್ಟಿಕ್ ಹಾಳೆ ಮಾಡಿದರು. ಅದರ ತುದಿ ಲಾಳಿಕೆಯಂತೆ ಇಳಿದು ಚೀಲವಾಗುತ್ತದೆ, ಚೀಲದ ಮೇಲೆ ಅಳತೆಯ ಗೆರೆಗಳು. ಡೇರಿಯಲ್ಲಿ ಹಾಲು ಅಳೆದಂತೆ ರಕ್ತ ಎಷ್ಟು ಹೋಯಿತು ಅಂತ ಕಣ್ಣಿಗೆ ಕಾಣುತ್ತದೆ. ಅದಕ್ಕೂ ಮೊದಲು ಅಂದಾಜೇ ಆಧಾರ. "ಬಾಳ ಹೋಗೇತಿ", "ಅಷ್ಟೇನ ಇಲ್ಲ" ಅನ್ನುವ ಮಾತಿನ ನಡುವೆ ಜೀವ ಹೋಗುತ್ತಿತ್ತು. ಅಂದಾಜಿನ ಮೇಲೆ ನಡೆಯುವ ಡೇರಿ ಎಷ್ಟು ದಿವಸ ಉಳಿದೀತು?

ಫಲ ಬಂತು. ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋದವರು ಔಷಧವಿಲ್ಲದವರಲ್ಲಿ ನೂರಕ್ಕೆ 12, ಗುಳಿಗೆ ನುಂಗಿದವರಲ್ಲಿ ನೂರಕ್ಕೆ 6.4. ಒಂದು ಲೀಟರು ದಾಟಿದ ಘೋರ ಪ್ರಸಂಗಗಳು ನೂರಕ್ಕೆ 1.2ರಿಂದ 0.2ಕ್ಕೆ ಇಳಿದವು. 2006ರಲ್ಲಿ ಇದು ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕಾಗಿ ಈ ಗುಳಿಗೆಯನ್ನು ಅವಶ್ಯಕ ಔಷಧಗಳ ಯಾದಿಗೆ ಸೇರಿಸಿತು. ಅಳತೆಯ ಹಾಳೆಯೂ ಹಿಂದೆ ಬೀಳಲಿಲ್ಲ. ಆಫ್ರಿಕೆಯ ನಾಲ್ಕು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ಇಂಥದೇ ಹಾಳೆ ಹಾಸಿ, ರಕ್ತ ಹೆಚ್ಚೆಂದು ಕಂಡ ಕೂಡಲೇ ಎಲ್ಲ ಚಿಕಿತ್ಸೆ ಒಟ್ಟಿಗೆ ಕೊಟ್ಟು ನೋಡಿದಾಗ ಘೋರ ಪ್ರಸಂಗಗಳು ನೂರಕ್ಕೆ 60ರಷ್ಟು ಕಡಿಮೆಯಾದವೆಂದು 2023ರಲ್ಲಿ ಪ್ರಕಟವಾಯಿತು.

ಔಷಧವಿಲ್ಲದ ಗುಳಿಗೆ ಸಿಕ್ಕ 808 ತಾಯಂದಿರ ವಿಷಯ ಓದಿದಾಗ ನಮ್ಮ ಮನಸ್ಸು ಸ್ವಲ್ಪ ಕಸಿವಿಸಿಯಾದದ್ದು ನಿಜ. ಅವರೂ ನಮ್ಮ ಅಕ್ಕತಂಗಿಯರೇ. ಗುಳಿಗೆಯಿಂದ ಉಪಯೋಗ ಇದೆಯೋ ಇಲ್ಲವೋ ಆಗ ಯಾರಿಗೂ ಖಾತ್ರಿ ಇರಲಿಲ್ಲ, ಹಳ್ಳಿಯ ಹೆರಿಗೆಯಲ್ಲಿ ಮೊದಲು ಏನೂ ಕೊಡುತ್ತಿರಲಿಲ್ಲ ಎಂಬುದೂ ನಿಜ. ಈ ಗುಳಿಗೆ ಇವತ್ತು ಎಲ್ಲಿ ಎಲ್ಲಿ ಒಬ್ಬ ತಾಯಿಯನ್ನು ಉಳಿಸುತ್ತದೆಯೋ ಅಲ್ಲಿ ಬೆಳಗಾವಿ ಜಿಲ್ಲೆಯ 1620 ಹೆಣ್ಣುಮಕ್ಕಳ ಪಾಲು ಇದೆ, ಎರಡೂ ಗುಂಪಿನವರದು. ನಮ್ಮ ಜಿಲ್ಲೆಯಲ್ಲಿ ಕುಂದಾ, ಕರದಂಟು ಅಂತ ಹೊರಗಿನವರಿಗೆ ಹೇಳುವಾಗ ಇದನ್ನೂ ಹೇಳಿದರೆ ತಪ್ಪಿಲ್ಲ.

ಮುಂದಿನ ಸಂಗತಿಗಳು ನಮ್ಮೆಲ್ಲರ ಕಣ್ಣಮುಂದೆ ನಡೆದವು, ಬೇಗ ಹೇಳಿ ಮುಗಿಸುತ್ತೇವೆ. 1995ರಿಂದ ಪಲ್ಸ್ ಪೋಲಿಯೊ. ಹನಿ ಹಾಕಿದ ಮನೆಯ ಬಾಗಿಲ ಹತ್ತಿರ ಸೀಮೆಸುಣ್ಣದಿಂದ ಗುರುತು ಹಾಕಿ ಹೋಗುವುದನ್ನು ನಾವೆಲ್ಲ ನೋಡಿದ್ದೇವೆ, ಡಿಡಿಟಿಯವರ ಗೋಡೆ ಬರಹದ ಮೊಮ್ಮಗ ಅದು. ದೇಶದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯದು. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಬಂತು, ಅದರೊಂದಿಗೆ ಊರಿನವರೇ ಆದ ಆಶಾ ಕಾರ್ಯಕರ್ತೆಯರು ಬಂದರು. 2008ರ ರಾಜ್ಯೋತ್ಸವದಂದು 108 ವಾಹನ ಸುರುವಾಯಿತು. ಕೋವಿಡ್ ವರ್ಷಗಳಲ್ಲಿ ಯಾರ ಮನೆಗೆ ಯಾರು ಮುಂಬಯಿ, ಪುಣೆಯಿಂದ ಬಂದರು ಎಂಬ ಯಾದಿ ಬರೆದವರು, ಬೈಸಿಕೊಂಡವರು ಆಶಾ ಅಕ್ಕಂದಿರೇ. ಬೈದವರೇ ಆಮೇಲೆ ಲಸಿಕೆಗೆ ಅವರ ಹಿಂದೆ ಓಡಾಡಿದರು.

ಇನ್ನು ಸಂಘಕ್ಕೆ ನೇರವಾಗಿ ಸಂಬಂಧಪಟ್ಟ ವಿಷಯ. ನಮ್ಮ ಸಂಘದ ವಯಸ್ಸೂ ಯಶಸ್ವಿನಿ ಯೋಜನೆಯ ವಯಸ್ಸೂ ಹೆಚ್ಚು ಕಡಿಮೆ ಒಂದೇ. ಹೃದಯ ತಜ್ಞ ಡಾ. ದೇವಿ ಶೆಟ್ಟಿಯವರ ವಿಚಾರದಂತೆ ಸಹಕಾರ ಇಲಾಖೆಯವರು ರೂಪಿಸಿದ ಈ ಯೋಜನೆ 2002ರ ನವೆಂಬರ್ 14ರಂದು ಉದ್ಘಾಟನೆಯಾಗಿ, 2003ರ ಜೂನ್ 1ರಿಂದ ಜಾರಿಗೆ ಬಂತು. ತಲೆಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ಸರಕಾರದ ಪಾಲು ಬೇರೆ. ಸಹಕಾರಿ ಸಂಘದ ಸದಸ್ಯರಾದರೆ ಸಾಕು, ಗುರುತಿನ ಚೀಟಿ ತೋರಿಸಿದರೆ 1600ಕ್ಕೂ ಹೆಚ್ಚು ನಮೂನೆಯ ಆಪರೇಶನ್‌ಗಳನ್ನು ಯಾದಿಯಲ್ಲಿದ್ದ ಆಸ್ಪತ್ರೆಗಳಲ್ಲಿ ಕೈಯಿಂದ ದುಡ್ಡು ಕೊಡದೆ ಮಾಡಿಸಿಕೊಳ್ಳಬಹುದಾಗಿತ್ತು. ಹಾವು ಕಡಿತ, ಎತ್ತು ಹಾಯುವುದು, ಕರೆಂಟ್ ಹೊಡೆಯುವುದು, ಒಕ್ಕಲುತನದ ಯಂತ್ರದಲ್ಲಿ ಕೈ ಸಿಗುವುದು ಇವೂ ಯೋಜನೆಯೊಳಗೆ ಇದ್ದವು. ಒಕ್ಕಲಿಗರ ಕಷ್ಟ ತಿಳಿದವರು ಬರೆದ ಯಾದಿ ಅದು.

ಮೊದಲನೇ ವರ್ಷ ರಾಜ್ಯದಲ್ಲಿ ಸುಮಾರು 16 ಲಕ್ಷ ಮಂದಿ ಸೇರಿದರು. ಎರಡನೇ ವರ್ಷ 20 ಲಕ್ಷ ದಾಟಿತು. ಮೂರನೇ ವರ್ಷ ಚಂದಾ 120 ಆದಾಗ ಸುಮಾರು 15 ಲಕ್ಷಕ್ಕೆ ಇಳಿಯಿತು. ಇಲ್ಲಿ ಸ್ವಲ್ಪ ನಿಂತು ನೋಡಬೇಕು. "ಹ್ವಾದ ವರ್ಷ ತುಂಬಿದ್ದು ಹಂಗs ಹೋತು, ಏನೂ ಆಗಲೇ ಇಲ್ಲ" ಅನ್ನುವವರನ್ನು ನಾವು ಸಂಘದ ಕಟ್ಟೆಯ ಮೇಲೆ ಬಹಳ ಕಂಡಿದ್ದೇವೆ. ಏನೂ ಆಗಲಿಲ್ಲ ಅಂದರೆ ಲಾಭವೇ ಆಯಿತಲ್ಲ! ಇನ್ನು ಕೆಲವರು ಮನೆಯಲ್ಲಿ ಬ್ಯಾನಿ ಇದ್ದವರ ಹೆಸರು ಮಾತ್ರ ಬರೆಸಿ, ಗಟ್ಟಿ ಇದ್ದವರ ಹೆಸರು ಬಿಡಿಸುತ್ತಾರೆ. ಬ್ಯಾನಿ ಇದ್ದವರು ಮಾತ್ರ ಕೂಡಿದರೆ ಖರ್ಚು ಏರುತ್ತದೆ, ಖರ್ಚು ಏರಿದರೆ ಚಂದಾ ಏರುತ್ತದೆ, ಚಂದಾ ಏರಿದರೆ ಗಟ್ಟಿ ಇದ್ದವರು ಮತ್ತಷ್ಟು ಬಿಡುತ್ತಾರೆ. ಸಾಲ ತಗೊಳ್ಳುವವರು ಮಾತ್ರ ಇದ್ದು ಠೇವಣಿ ಇಡುವವರು ಇಲ್ಲದಿದ್ದರೆ ಸೊಸಾಯಿಟಿ ನಡೆಯುವುದೇ?

2018ರ ಮೇ ಅಂತ್ಯಕ್ಕೆ ಯಶಸ್ವಿನಿ ನಿಂತಿತು. ಅದನ್ನು ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವಿಲೀನ ಮಾಡಿದರು. ಹೊಸ ಯೋಜನೆಯಲ್ಲಿ ಚಂದಾ ಇಲ್ಲ, ಬಿ.ಪಿ.ಎಲ್. ಕಾರ್ಡಿನವರಿಗೆ ಅನುಕೂಲ ದೊಡ್ಡದು, ಇದನ್ನು ಒಪ್ಪಬೇಕು. ಆದರೆ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಿ ಅಲ್ಲಿಂದ ಚೀಟಿ ಬರೆಸಿಕೊಳ್ಳಬೇಕು, ಎ.ಪಿ.ಎಲ್. ಕಾರ್ಡಿನವರಿಗೆ ನೂರಕ್ಕೆ 30 ಮಾತ್ರ ಸರಕಾರದ್ದು, ಉಳಿದ 70 ಅವರದೇ. ನಾಲ್ಕು ಎಕರೆ ಕಬ್ಬು ಇದ್ದವರೂ ಎ.ಪಿ.ಎಲ್., ಮೂರಂತಸ್ತಿನ ಮನೆ ಇದ್ದವರೂ ಎ.ಪಿ.ಎಲ್.

ನಮ್ಮ ಮನೆಯ ಸಂಗತಿಯನ್ನೇ ಹೇಳುತ್ತೇವೆ. 2019ರಲ್ಲಿ ನಮ್ಮ ಕಾಕಾ ಅವರಿಗೆ ಎದೆನೋವು ಬಂದು ಅರ್ಧ ರಾತ್ರಿಯಲ್ಲಿ ಶಹರದ ಒಂದು ಆಸ್ಪತ್ರೆಗೆ ಒಯ್ದೆವು. ಹಳೆಯ ಯಶಸ್ವಿನಿ ಕಾರ್ಡು ತೋರಿಸಿದರೆ ಕೌಂಟರಿನವರು "ಇದು ಬಂದ್ ಆಗಿ ವರ್ಷ ಆತು" ಅಂದರು. ಹೊಸ ಯೋಜನೆಗೆ ಚೀಟಿ ಕೇಳಿದರು. ತುರ್ತು ಪ್ರಸಂಗಕ್ಕೆ ಚೀಟಿ ಬೇಡ ಎಂಬ ನಿಯಮ ಇದ್ದದ್ದನ್ನು ಅಲ್ಲಿ ಯಾರೂ ಹೇಳಲಿಲ್ಲ. ಮುಂಗಡ ಕಟ್ಟಿದ ಮೇಲೆಯೇ ಒಳಗೆ ತಗೊಂಡರು. ಎರಡು ಎಮ್ಮೆ ಹೋದವು, ಕಾಕಿಯವರ ಬಂಗಾರ ಒತ್ತೆ ಬಿತ್ತು. ಕಾಕಾ ಉಳಿದರು, ಅದು ದೇವರ ದಯೆ. ಒತ್ತೆ ಬಿಡಿಸಲು ಮೂರು ಹಂಗಾಮು ಹಿಡಿದವು. ಆ ವರ್ಷಗಳಲ್ಲಿ ಇಂಥ ಮನೆಗಳು ನಮ್ಮ ಊರಿನಲ್ಲಿ ಇನ್ನೂ ಇದ್ದವು. ಹಳೆಯ ಕಾರ್ಡನ್ನು ದೇವರ ಜಗುಲಿಯ ಮೇಲೆ ಜೋಪಾನವಾಗಿ ಇಟ್ಟವರು ಎಷ್ಟೋ ಮಂದಿ, ಅದು ಬರೇ ಕಾಗದ ಆಗಿದೆ ಎಂದು ಯಾರೂ ಬಂದು ತಿಳಿಸಲಿಲ್ಲ.

ಸಹಕಾರಿಗಳ ಬೇಡಿಕೆಯ ಮೇಲೆ ಸರಕಾರ 2022ರ ಬಜೆಟ್ಟಿನಲ್ಲಿ 300 ಕೋಟಿ ರೂಪಾಯಿ ಇಟ್ಟು ಯೋಜನೆಯನ್ನು ಮತ್ತೆ ತಂದಿತು. 2022ರ ನವೆಂಬರದಲ್ಲಿ ನೋಂದಣಿ ಸುರುವಾಗಿ 2023ರ ಜನವರಿಯಿಂದ ಚಿಕಿತ್ಸೆ ಸುರುವಾಯಿತು. ಆಗ ಗೊತ್ತು ಮಾಡಿದ ಪ್ರಕಾರ ಗ್ರಾಮೀಣ ಸಂಘದ ಸದಸ್ಯರ ನಾಲ್ಕು ಮಂದಿಯ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಮೇಲಿನ ಪ್ರತಿಯೊಬ್ಬರಿಗೆ 100. ಕುಟುಂಬಕ್ಕೆ ವರ್ಷದಲ್ಲಿ 5 ಲಕ್ಷದವರೆಗೆ ಚಿಕಿತ್ಸೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಸದಸ್ಯರ ಚಂದಾ ಸರಕಾರವೇ ತುಂಬುತ್ತದೆ. ಒಂದು ಚೀಲ ಗೊಬ್ಬರದ ದುಡ್ಡಿನಾಗ ಮನೆಮಂದಿಯ ವರ್ಷ ಸಾಗುತ್ತದೆ. ಆದರೆ ಇದು ಪ್ರತಿ ವರ್ಷ ಹೊಸದಾಗಿ ತುಂಬಬೇಕಾದದ್ದು. ಹೋದ ವರ್ಷದ ಪಾವತಿ ಈ ವರ್ಷ ನಡೆಯುವುದಿಲ್ಲ.

ಇನ್ನೊಂದು ಮಾತು. ಪ್ಲೇಗು, ಮೈಲಿ, ನಾರುಹುಣ್ಣು ಹೋದವು. ಈಗ ನಮ್ಮ ಮನೆಗಳಲ್ಲಿ ಹೊಕ್ಕಿರುವುದು ಬಿ.ಪಿ. ಮತ್ತು ಸಕ್ಕರೆ ಕಾಯಿಲೆ. ಕಬ್ಬಿನ ನಾಡಿನವರಿಗೆ ಸಕ್ಕರೆಯ ಹೆಸರು ಹೇಳಿದರೆ ನಗೆ ಬರುತ್ತದೆ, ಆದರೆ ಇದು ನಗುವ ವಿಷಯವಲ್ಲ. ನೋವಿಲ್ಲ, ಗುಳ್ಳೆಯಿಲ್ಲ, ಜ್ವರವಿಲ್ಲ. ಹೊಲದಲ್ಲಿ ಕೆಲಸ ಮಾಡುತ್ತಿದ್ದವರು ಒಂದು ದಿವಸ ಲಕವಾ ಹೊಡೆದು ಬೀಳುತ್ತಾರೆ. 2024ರ ಅಕ್ಟೋಬರದಲ್ಲಿ ಸರಕಾರ ಕೋಲಾರದಿಂದ ಗೃಹ ಆರೋಗ್ಯ ಎಂಬ ಯೋಜನೆ ಸುರು ಮಾಡಿತು. ಆರೋಗ್ಯ ಸಿಬ್ಬಂದಿ ಮನೆಗೇ ಬಂದು ಬಿ.ಪಿ., ಸಕ್ಕರೆ ನೋಡುವುದು, ಇದ್ದವರ ಯಾದಿ ಬರೆಯುವುದು, ಗುಳಿಗೆ ಕೊಡುವುದು. ಮತ್ತೆ ಅದೇ ಹಳೆಯ ಮನಿ ಮನಿ ಯಾದಿ. ಗಂಡಸರು ಹೊಲಕ್ಕೆ ಹೋದಾಗ ಬಂದು ಹೋಗುತ್ತಾರೆ, ಹೆಸರು ಬಿಟ್ಟುಹೋಗುತ್ತದೆ ಎಂಬ ದೂರು ಇಂಥ ಸಮೀಕ್ಷೆಗಳಲ್ಲಿ ಯಾವಾಗಲೂ ಇರುವುದೇ. ರೈತರು ಗೊಬ್ಬರ ಒಯ್ಯಲು, ಸಾಲದ ಸಹಿ ಮಾಡಲು ಸಂಘಕ್ಕೆ ಬಂದೇ ಬರುತ್ತಾರೆ. ಸಂಘದ ಪಡಸಾಲೆಯಲ್ಲಿ ತಿಂಗಳಿಗೆ ಒಂದು ದಿವಸ ಒಂದು ಮೇಜು, ಎರಡು ಖುರ್ಚಿ ಹಾಕಿಕೊಟ್ಟರೆ ನರ್ಸಬಾಯಿಯವರು ಬಂದು ನೋಡಬಹುದು. ಖರ್ಚು ಚಹಾದ್ದು ಮಾತ್ರ.

ಈ ಎರಡು ವಿಷಯಗಳನ್ನು ಬರುವ ವಾರ್ಷಿಕ ಸಾಮಾನ್ಯ ಸಭೆಯ ಮುಂದೆ ಇಡಬೇಕೆಂದು ನಾವು ಆಡಳಿತ ಮಂಡಳಿಗೆ ಬರೆದು ಕೊಟ್ಟಿದ್ದೇವೆ. ಯಶಸ್ವಿನಿ ಚಂದಾವನ್ನು ಸಂಘವೇ ಎಲ್ಲ ಸದಸ್ಯರ ಪರವಾಗಿ ಅವಧಿಯೊಳಗೆ ತುಂಬಿ, ಆಮೇಲೆ ಬೆಳೆಸಾಲದ ಖಾತೆಯಲ್ಲಿ ಖರ್ಚು ಹಾಕಬೇಕೇ, ಅಥವಾ ಈಗಿನಂತೆ ಬಂದವರದು ಮಾತ್ರ ತುಂಬಬೇಕೇ ಎಂಬುದನ್ನು ಸಭೆಯೇ ತೀರ್ಮಾನಿಸಬೇಕು. "ನಮ್ಮ ದುಡ್ಡು ನಮ್ಮನ್ನ ಕೇಳದ ಯಾಕ ಮುರಕೋತೀರಿ?" ಎಂದು ಕೆಲವರು ಏಳುತ್ತಾರೆ, ಅವರ ಮಾತಿನಲ್ಲಿಯೂ ನ್ಯಾಯ ಇದೆ, ಅದನ್ನು ಸಭೆಯಲ್ಲಿಯೇ ಮಾತಾಡೋಣ. ಹೆಣ್ಣುಮಕ್ಕಳ ಹೆಸರಿನಲ್ಲಿ ಶೇರು ಇದ್ದ ಮನೆಗಳವರು ದಯವಿಟ್ಟು ಅವರನ್ನೂ ಸಭೆಗೆ ಕರೆದುಕೊಂಡು ಬರಬೇಕು. ಬರುವಾಗ ರೇಶನ್ ಕಾರ್ಡು, ಮನೆಮಂದಿಯ ಎಲ್ಲರ ಆಧಾರ್ ಕಾರ್ಡಿನ ಝೆರಾಕ್ಸ್ ಮತ್ತು ಎರಡೆರಡು ಫೋಟೊ ತಂದರೆ ಸೆಕ್ರೆಟರಿಯವರಿಗೆ ಅವತ್ತೇ ಅರ್ಜಿ ತುಂಬಿಸಿಕೊಳ್ಳಲು ಅನುಕೂಲವಾಗುತ್ತದೆ.